ಹೆಸರಿಲ್ಲದವನು ಹೇಳಿದ ಕಥೆ

ಇವತ್ತು ನೇರವಾಗಿ ಒಂದು ಪ್ರಶ್ನೆಯಿಂದ್ಲೇ ಶುರು ಮಾಡೋಣ. ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ ಓದಿದವರು ಹೇಳಿ, ಆ ಕಥೆ ಹೇಳ್ತಾನಲ್ಲ, ಅವನ ಹೆಸರೇನು?

ಹೆಂಡತಿ ಅನಿತಾ, ಅಕ್ಕ ಮಾಲತಿ, ಚಿಕ್ಕಪ್ಪ ವೆಂಕಟಾಚಲ, ಕಾಫಿ ಹೌಸಿನ ವೇಟರ್ ವಿನ್ಸೆಂಟ್. ಮನೆಯವರ ಮಸಾಲೆ ಪುಡಿ ಕಂಪನಿಗೂ ಹೆಸರಿದೆ, ಸೋನಾ ಮಸಾಲಾ. ಇವನಿಗೆ ಮಾತ್ರ ಇಲ್ಲ. ಕಾದಂಬರಿ ಮುಗಿಯೋವರೆಗೂ ಇಲ್ಲ. ಮಜಾ ಏನಂದ್ರೆ, ಓದುವಾಗ ಎಷ್ಟೋ ಜನಕ್ಕೆ ಇದು ಗೊತ್ತೇ ಆಗಲ್ಲ.

ಯಾಕೆ ಗೊತ್ತಾಗಲ್ಲ? ಒಂದು ಕಾರಣ ಸುಲಭ. ಕಥೆ ‘ನಾನು’ ಅಂತ ಹೇಳ್ತಾ ಹೋಗುತ್ತೆ, ತನ್ನ ಹೆಸರನ್ನ ತಾನೇ ಯಾರು ಕರ್ಕೋತಾರೆ? ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಇದೆ. ನಮ್ಮಲ್ಲಿ ಒಬ್ಬ ಮನುಷ್ಯ ಹೆಸರಿಲ್ಲದೆ ದಿನಗಟ್ಟಲೆ ಆರಾಮಾಗಿ ಇರಬಹುದು. ಅಮ್ಮನಿಗೆ ಮಗ, ಅಕ್ಕನಿಗೆ ತಮ್ಮ, ಹೆಂಡತಿಗೆ ‘ರೀ’, ಹೋಟೆಲಿನವರಿಗೆ ‘ಸರ್’. ಸಂಬಂಧವೇ ಹೆಸರಿನ ಕೆಲಸ ಮಾಡಿಬಿಡುತ್ತೆ.

ಸಾಮಾನ್ಯವಾಗಿ ಇದಕ್ಕೆ ಒಂದು ಉತ್ತರ ಕೊಡ್ತಾರೆ. ಹೆಸರಿಲ್ಲ ಅಂದ್ರೆ ಅವನು ನಾವೆಲ್ಲರೂ, ಯಾರು ಬೇಕಾದರೂ ಆಗಬಹುದು ಅಂತ. ನನಗೆ ಈ ಉತ್ತರ ಸಾಲಲ್ಲ. ಯಾಕಂದ್ರೆ ಇವನು ಯಾರೋ ಒಬ್ಬ ಅಲ್ಲ. ಇವನ ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್ ಆಗಿದ್ದವರು. ಆ ಕೆಲಸ ಹೋದಮೇಲೆ ಚಿಕ್ಕಪ್ಪನ ವ್ಯಾಪಾರದಿಂದ ಮನೆಗೆ ದಿಢೀರ್ ದುಡ್ಡು ಬಂತು. ಇಷ್ಟು ನಿಖರವಾಗಿ ಗೊತ್ತಿರೋ ಮನುಷ್ಯನ ಹೆಸರು ಮಾತ್ರ ಯಾಕೆ ಗೊತ್ತಿಲ್ಲ?

ನಾನು ಬಿಕಾಂ ಓದಿದವನು, ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಲೆಕ್ಕದ ಕಡೆಗೆ. ಇವನು ಸೋನಾ ಮಸಾಲಾದ ಡೈರೆಕ್ಟರ್. ಆಫೀಸಿನಲ್ಲಿ ರೂಮಿದೆ, ತಿಂಗಳು ತಿಂಗಳು ಅಕೌಂಟಿಗೆ ದುಡ್ಡು ಬೀಳುತ್ತೆ. ಕೆಲಸ? ಏನೂ ಇಲ್ಲ. ಎಲ್ಲಾ ಚಿಕ್ಕಪ್ಪನೇ ನೋಡ್ಕೋತಾನೆ. ಲಾಭದಲ್ಲಿ ಪಾಲಿದೆ, ಜವಾಬ್ದಾರಿಯಲ್ಲಿ ಇಲ್ಲ. ಹೆಸರು ಅಂದ್ರೆ ಏನು ಹೇಳಿ? ಚೆಕ್ ಮೇಲೆ ಸಹಿ ಮಾಡೋದು ಅದರಿಂದ. ಪೊಲೀಸ್ ದೂರಿನಲ್ಲಿ ಬರೆಯೋದು ಅದನ್ನ. ‘ಇದನ್ನ ಮಾಡಿದ್ದು ಯಾರು?’ ಅಂತ ಕೇಳಿದ್ರೆ ಕೊಡಬೇಕಾದ ಉತ್ತರ ಅದು. ಇವನ ಹತ್ರ ಆ ಉತ್ತರ ಇಲ್ಲ.

ಒಂದು ಸನ್ನಿವೇಶ ಇದೆ. ಚಿಕ್ಕಪ್ಪನನ್ನ ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರ್ತಾಳೆ, ಅವನಿಗೆ ಅಂತ ಅಡುಗೆ ಮಾಡಿಕೊಂಡು. ಮನೆಯವರು ಅವಳನ್ನ ಬಾಯಿಗೆ ಬಂದ ಹಾಗೆ ಬೈದು ಓಡಿಸ್ತಾರೆ. ಅದು ತಪ್ಪು ಅಂತ ಅನಿಸೋದು, ಅದನ್ನ ಬಾಯಿಬಿಟ್ಟು ಹೇಳೋದು ಅನಿತಾ. ನಮ್ಮ ‘ನಾನು’ಗೆ ಎಲ್ಲ ಕಾಣುತ್ತೆ, ಆದ್ರೆ ತಡೆಯಲ್ಲ. ಅವನು ಕೆಟ್ಟವನಾ? ಕೈ ಎತ್ತಿದವನಲ್ಲ, ಬೈದವನೂ ಅಲ್ಲ. ಸುಮ್ಮನಿದ್ದವನು ಅಷ್ಟೇ. ಹೆಸರಿಲ್ಲದಿರೋದು ಇಲ್ಲಿ ಅವನು ಬಚ್ಚಿಟ್ಟುಕೊಳ್ಳೋ ಜಾಗ. ಕೊನೆ ಏನಾಗುತ್ತೆ ಅಂತ ಹೇಳಲ್ಲ, ಓದದವರು ಓದಿ. ಆದ್ರೆ ಆ ಸುಮ್ಮನಿರೋದರ ಬೆಲೆ ಎಷ್ಟು ಅಂತ ಆ ಪುಟಗಳಲ್ಲಿ ಗೊತ್ತಾಗುತ್ತೆ.

ಹಾಗಂತ ಎಲ್ಲ ಕಾದಂಬರಿಯಲ್ಲೂ ಕಾರಣ ಇದೇ ಅಲ್ಲ. ಇಂಗ್ಲೆಂಡಿನ ಡಾಫ್ನೆ ಡು ಮಾರಿಯೆ 1938ರಲ್ಲಿ ‘ರೆಬೆಕ್ಕಾ’ ಬರೆದಳು. ಸತ್ತುಹೋದ ಮೊದಲ ಹೆಂಡತಿಯ ಹೆಸರು ಪುಸ್ತಕದ ಮುಖಪುಟದ ಮೇಲೇ ಇದೆ. ಕಥೆ ಹೇಳೋ ಎರಡನೇ ಹೆಂಡತಿಗೆ ಹೆಸರೇ ಇಲ್ಲ. ಬದುಕಿರೋಳು ನೆರಳು, ಸತ್ತವಳು ಯಜಮಾನಿ. ಅಮೆರಿಕದ ರಾಲ್ಫ್ ಎಲಿಸನ್ 1952ರಲ್ಲಿ ಬರೆದ ‘ಇನ್ವಿಸಿಬಲ್ ಮ್ಯಾನ್’ ಇನ್ನೂ ಬೇರೆ. ಅಲ್ಲಿನ ಕಪ್ಪು ಯುವಕನನ್ನ ಸುತ್ತಲಿನವರು ಮನುಷ್ಯ ಅಂತ ನೋಡೋದೇ ಇಲ್ಲ. ಒಂದು ಸಂಘಟನೆ ಅವನಿಗೆ ಹೊಸ ಹೆಸರನ್ನೇ ಕೊಡುತ್ತೆ, ಅದೂ ನಮಗೆ ಗೊತ್ತಾಗಲ್ಲ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲಿಸನ್‌ನ ಹುಡುಗನ ಗುರುತನ್ನ ಸಮಾಜ ಕಿತ್ಕೊಂಡಿದೆ. ‘ರೆಬೆಕ್ಕಾ’ದ ಹುಡುಗಿಯದು ಇನ್ನೊಬ್ಬಳ ಹೆಸರಿನ ಕೆಳಗೆ ಮುಚ್ಚಿಹೋಗಿದೆ. ನಮ್ಮ ಬೆಂಗಳೂರಿನ ಡೈರೆಕ್ಟರ್ ಸಾಹೇಬರು ಮಾತ್ರ ತಮ್ಮದನ್ನ ತಾವೇ ಮನೆಯವರ ಕೈಗೆ ಕೊಟ್ಟು, ಬದಲಿಗೆ ನೆಮ್ಮದಿ ತಗೊಂಡಿದ್ದಾರೆ. ಅದಕ್ಕೇ ನನಗೆ ಈ ಮೂವರಲ್ಲಿ ಅವನ ಮೇಲೆ ಕನಿಕರ ಕಮ್ಮಿ, ಭಯ ಜಾಸ್ತಿ. ಭಯ ಯಾಕಂದ್ರೆ, ಅವನು ಮಾಡಿದ ವ್ಯವಹಾರ ತುಂಬಾ ಸುಲಭದ್ದು. ಅದಕ್ಕೆ ಧೈರ್ಯ ಬೇಡ, ಕೆಟ್ಟತನವೂ ಬೇಡ. ಊಟದ ಹೊತ್ತಿಗೆ ಬಾಯಿ ಮುಚ್ಚಿಕೊಂಡಿದ್ರೆ ಸಾಕು.

ಇನ್ನುಮುಂದೆ ಕಾದಂಬರಿ ಓದುವಾಗ ಹೆಸರು ಸಿಗಲಿಲ್ಲ ಅಂದ್ರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಇವನ ಹೆಸರನ್ನ ಯಾರಾದ್ರೂ ಕಿತ್ಕೊಂಡ್ರಾ, ಇಲ್ಲ ಇವನೇ ಬಿಟ್ಟುಕೊಟ್ಟನಾ? ಉತ್ತರ ಹುಡುಕ್ತಾ ಹೋದ್ರೆ ಅರ್ಧ ಕಾದಂಬರಿ ಅಲ್ಲೇ ಸಿಗುತ್ತೆ.