ಕಾಂಕ್ರೀಟಿನೊಳಗಿನ ಕಂಬಿ



ಮನೆ ಕಟ್ಟಿಸಿ ಹದಿನೈದು ಇಪ್ಪತ್ತು ವರ್ಷಗಳಾದಮೇಲೆ ಕಿಟಕಿಯ ಮೇಲಣ ಸಜ್ಜದ ಅಂಚಿನಲ್ಲಿ ಕೆಂಗಂದು ಬಣ್ಣದ ಗೆರೆಯೊಂದು ಮೂಡುವುದನ್ನು ತಾವು ಕಂಡಿರಬಹುದು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದು ಬಿರುಕಾಗುತ್ತದೆ. ಆಮೇಲೆ ಗಾರೆ ಹಪ್ಪಳದಂತೆ ಎದ್ದು ಬಿದ್ದು, ಒಳಗಿನ ಕಂಬಿ ಎಲುಬಿನಂತೆ ಹೊರಗೆ ತೋರುತ್ತದೆ. ಯಜಮಾನರು ಮೇಸ್ತ್ರಿಯನ್ನು ಕರೆಯಿಸುತ್ತಾರೆ. ಆತನು ಸಿಮೆಂಟು ಮೆತ್ತಿ, ಬಣ್ಣ ಬಳಿದು, ಕೂಲಿ ತೆಗೆದುಕೊಂಡು ಹೋಗುತ್ತಾನೆ. ಸ್ವಲ್ಪ ಕಾಲದಲ್ಲಿಯೇ ಅದೇ ರೋಗ ಅದರ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಹೀಗೇಕೆ?

ಅಂಗಳದಲ್ಲಿ ಬಿಟ್ಟ ಕಂಬಿ ಒಂದೇ ಮಳೆಗೆ ಕೆಂಪಾಗುತ್ತದೆ. ಕಾಂಕ್ರೀಟಿನಲ್ಲಿಯೂ ನೀರಿದೆ, ಗಾಳಿಯಿದೆ. ನೋಡಲು ಕಲ್ಲಿನಂತಿದ್ದರೂ ಅದು ಸೂಕ್ಷ್ಮರಂಧ್ರಗಳಿಂದ ತುಂಬಿದ ವಸ್ತು. ಆದರೂ ಅದರೊಳಗಣ ಕಂಬಿ ಐವತ್ತು ವರ್ಷ ಕೆಡದೆ ಇರಬಲ್ಲುದು. ಅದನ್ನು ಕಾಪಾಡತಕ್ಕದ್ದು ಕಾಂಕ್ರೀಟಿನ ಗಟ್ಟಿತನವಲ್ಲ, ಅದರ ಕ್ಷಾರಗುಣ. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಸುಣ್ಣವು ಹುಟ್ಟುತ್ತದೆ. ರಂಧ್ರಗಳಲ್ಲಿನ ನೀರು ಸುಣ್ಣದ ತಿಳಿಯಷ್ಟು, ಎಷ್ಟೋ ವೇಳೆ ಅದಕ್ಕಿಂತಲೂ, ತೀಕ್ಷ್ಣವಾಗಿರುತ್ತದೆ, ಪಿ.ಎಚ್. ಎಂಬ ಮಾನದಲ್ಲಿ 12.5ರಿಂದ 13.5ರವರೆಗೆ. ಅಂಥ ನೀರಿನಲ್ಲಿ ಉಕ್ಕಿನ ಮೇಲೆ ತಾನಾಗಿ ಒಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು. ಆ ಪೊರೆ ಇರುವವರೆಗೆ ತುಕ್ಕಿನ ಭಯವಿಲ್ಲ.

ಪೊರೆಗೆ ಶತ್ರುಗಳು ಇಬ್ಬರು. ಮೊದಲನೆಯದು ಗಾಳಿಯಲ್ಲಿರುವ ಇಂಗಾಲಾಮ್ಲವಾಯು. ಸುಣ್ಣದ ತಿಳಿಯೊಳಕ್ಕೆ ಕೊಳವೆಯಿಂದ ಉಸಿರನ್ನು ಊದಿದರೆ ಅದು ಹಾಲಿನಂತಾಗುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಕ್ರಿಯೆ ನಮ್ಮ ಚಾವಣಿಗಳಲ್ಲಿ ಹಗಲಿರುಳೂ ನಡೆಯುತ್ತಿದೆ. ಹೊರಮೈಯಿಂದ ಒಳಮುಖವಾಗಿ ಸುಣ್ಣವು ಸೀಮೆಸುಣ್ಣದ ಜಾತಿಯ ಜಡವಸ್ತುವಾಗುತ್ತ, ಪಿ.ಎಚ್. 9ಕ್ಕಿಂತ ಕೆಳಗಿಳಿಯುತ್ತದೆ. ಈ ಬದಲಾವಣೆ ಕಂಬಿಯನ್ನು ಮುಟ್ಟಿದ ದಿನ ಪೊರೆ ಕರಗುತ್ತದೆ. ಆಮೇಲೆ ಹುಟ್ಟತಕ್ಕ ತುಕ್ಕು, ತಾನು ತಿಂದ ಕಬ್ಬಿಣದ ಎರಡರಷ್ಟರಿಂದ ಆರರಷ್ಟರವರೆಗೆ ಜಾಗ ಬೇಡುತ್ತದೆ. ಕಾಂಕ್ರೀಟು ಒಡೆಯದೆ ಇನ್ನೇನು ಮಾಡೀತು?

ಇದರ ನಡಿಗೆ ನಿಧಾನ. ಆದರೆ ಅದಕ್ಕೊಂದು ಲೆಕ್ಕವುಂಟು. ಇಳಿದ ಆಳವು ಹೆಚ್ಚುಕಡಿಮೆ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಕಾಂಕ್ರೀಟಿನಲ್ಲಿ 10 ಮಿಲಿಮೀಟರು ಇಳಿಯಲು ಹತ್ತು ವರ್ಷ ಹಿಡಿಯಿತೆಂದು ಇಟ್ಟುಕೊಳ್ಳಿ. 20 ಮಿಲಿಮೀಟರಿಗೆ ಇಪ್ಪತ್ತು ವರ್ಷವಲ್ಲ, ನಲವತ್ತು, 30ಕ್ಕೆ ತೊಂಬತ್ತು. ಕಂಬಿಯ ಕೆಳಗೆ 20 ಮಿಲಿಮೀಟರು ಹೊದಿಕೆ ಇರಬೇಕಾದಲ್ಲಿ ಅಜಾಗರೂಕತೆಯಿಂದ 10 ಮಾತ್ರ ಉಳಿದರೆ ನಾವು ಕಳೆದುಕೊಂಡದ್ದು ಅರ್ಧವಲ್ಲ, ಮುಕ್ಕಾಲು. ಒಂದು ಸಂಸಾರದ ಜೀವಮಾನದ ಉಳಿತಾಯ ಬೆರಳಿನ ದಪ್ಪಕ್ಕಿಂತ ಕಡಮೆಯಾದ ಈ ಅಂತರವನ್ನು ನಂಬಿಕೊಂಡಿದೆ.

ಎರಡನೆಯ ಶತ್ರು ಉಪ್ಪು. ಅದರಲ್ಲಿರುವ ಕ್ಲೋರೈಡು ಕ್ಷಾರಗುಣ ಕೆಡದಿದ್ದಾಗಲೂ ಪೊರೆಯನ್ನು ಅಲ್ಲಲ್ಲಿ ತೂತುಮಾಡಿ, ಕಂಬಿಯಲ್ಲಿ ಗುಳಿ ತೋಡುತ್ತದೆ. ಕಾರವಾರ ಮಂಗಳೂರುಗಳ ಕಡಲಗಾಳಿಯಲ್ಲಿ ಅದು ಹೊರಗಿನಿಂದ ಬರುತ್ತದೆ. ಉಪ್ಪುನೀರು ಅಥವಾ ತೊಳೆಯದ ಕಡಲಮರಳನ್ನು ಬಳಸಿದಲ್ಲಿ ನಾವೇ ಅದನ್ನು ಒಳಕ್ಕೆ ಕಳುಹಿಸಿದಂತಾಯಿತು. ಪಣಜಿಯ ಮಾಂಡೋವಿ ಹೊಳೆಗೆ 1970ರ ಸುಮಾರಿಗೆ ಕಟ್ಟಿದ ಸೇತುವೆ 1986ರ ಜುಲೈ 5ರಂದು ಕುಸಿದುಬಿತ್ತು. ಒಳಗೆ ಬಿಗಿದಿದ್ದ ಉಕ್ಕಿನ ತಂತಿಗಳು ತುಕ್ಕಿಗೆ ಆಹಾರವಾಗಿದ್ದುವು. ಇದಕ್ಕೆ ಪ್ರತಿಯಾಗಿ ಮೆಕ್ಸಿಕೋ ದೇಶದ ಪ್ರೊಗ್ರೇಸೊ ಎಂಬ ಊರಿನಲ್ಲಿ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಕಂಬಿಗಳನ್ನಿಟ್ಟು 1941ರಲ್ಲಿ ಮುಗಿಸಿದ ಹಡಗುಕಟ್ಟೆ ಬಿಸಿಲುನಾಡಿನ ಕಡಲಿನಲ್ಲಿಯೇ ನಿಂತು ಬಾಳಿತು. ಅದರ ಮಗ್ಗುಲಲ್ಲಿ ಮುಂದೆ ಸಾಧಾರಣ ಉಕ್ಕಿನಿಂದ ಕಟ್ಟಿದ್ದು ಹಾಳಾಯಿತು. ಆದರೆ ಅಂಥ ಕಂಬಿಯ ಬೆಲೆ ಗೃಹಸ್ಥರ ಅಳವಲ್ಲ. ಎಪಾಕ್ಸಿ ಎಂಬ ಬಣ್ಣ ಹೊದಿಸಿದ ಕಂಬಿಯನ್ನು ಕೆಲವರು ಹೊಗಳುತ್ತಾರೆ; ಅಮೆರಿಕದ ಫ್ಲಾರಿಡಾ ದ್ವೀಪಸಾಲಿನ ಸೇತುವೆಗಳಲ್ಲಿ ಅಂಥ ಕಂಬಿಗಳೂ 1980ರ ದಶಕದಲ್ಲಿಯೇ, ಕೆಲವೇ ವರ್ಷಗಳೊಳಗೆ, ತುಕ್ಕುಹಿಡಿದುವು. ಬಣ್ಣ ಗೀರಿದೆಡೆಯಲ್ಲಿ ರಕ್ಷಣೆ ಮುಗಿಯಿತು.

ಹೀಗಾಗಿ ನನ್ನ ಪಕ್ಷಪಾತವೆಲ್ಲ ಹಳೆಯ ಉಪಾಯದ ಕಡೆಗೆ. ಒಳ್ಳೆಯ ಕಾಂಕ್ರೀಟೇ ಕಂಬಿಗೆ ಕವಚ. 2000ನೆಯ ಇಸವಿಯ ಐ.ಎಸ್. 456 ಎಂಬ ಸಂಹಿತೆ ಸೌಮ್ಯವಾದ ಹವೆಯಲ್ಲಿ 20, ಕರಾವಳಿಯ ಹವೆಯಲ್ಲಿ 45 ಮಿಲಿಮೀಟರು ಹೊದಿಕೆಯನ್ನು ವಿಧಿಸಿತು. ಕಾಗದದ ಮೇಲಿನ ಈ ಅಂಕಿ ಮೋಲ್ಡು ಹಾಕುವ ದಿನ ಏನಾಗುತ್ತದೆ, ನೋಡಿ. ಕಂಬಿಯ ಕೆಳಗೆ ಕೈಗೆ ಸಿಕ್ಕಿದ ಜಲ್ಲಿಯ ಚೂರನ್ನು ಇಡುತ್ತಾರೆ. ಆಳುಗಳು ಬಾಣಲಿ ಹೊತ್ತು ಅದರ ಮೇಲೆಯೇ ನಡೆಯುತ್ತಾರೆ. ಚೂರು ಜಾರಿ, ಕಂಬಿ ಸೆಂಟ್ರಿಂಗಿನ ಹಲಗೆಯನ್ನು ಮುಟ್ಟುತ್ತದೆ. ಗಟ್ಟಿ ಕಾಂಕ್ರೀಟಿನಿಂದ ಅಳತೆಗೆ ಎರೆದ ಕವರ್ ಬ್ಲಾಕುಗಳನ್ನು ಕಂಬಿಗೆ ಕಟ್ಟಿಸುವುದಕ್ಕೆ ತಗಲುವ ವೆಚ್ಚ ಮನೆಬಾಗಿಲಿನ ಹಿಡಿಕೆಗಳ ವೆಚ್ಚಕ್ಕಿಂತ ಹೆಚ್ಚಲ್ಲವೆಂದು ತೋರುತ್ತದೆ. ಕಲಸುವಾಗ ಕೈಗೆ ಹಗುರವಾಗಲೆಂದು ಸುರಿದ ಹೆಚ್ಚಿನ ನೀರು ಆರಿ ಹೋಗುವಾಗ ರಂಧ್ರಗಳನ್ನು ಬಿಟ್ಟು ಹೋಗುತ್ತದೆ. ಗಟ್ಟಿಯಾದಮೇಲಾದರೋ ಏಳು ದಿನವಾದರೂ ತಪ್ಪದೆ ತೇವವಿರಬೇಕು. ತಾರಸಿಯ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುತ್ತಾರೆ, ಸಜ್ಜವನ್ನು ಕೇಳುವವರಿಲ್ಲ. ಕಂಬಗಳಿಗೆ ಗೋಣಿತಾಟು ಸುತ್ತಿ ನೆನೆಸಬೇಕೆಂಬುದೂ ಮರೆತುಹೋಗುತ್ತದೆ. ಮೊದಲು ಒಡೆಯುವುದು ಸಜ್ಜವೇ ಆಗುವುದರಲ್ಲಿ ಆಶ್ಚರ್ಯವೇನು?

ಕನ್ನಂಬಾಡಿಯ ಕಟ್ಟೆಗೆ ಈ ಚಿಂತೆಯಿಲ್ಲ. ಅದು ಕಲ್ಲು ಮತ್ತು ಸುರ್ಕಿಗಾರೆಯದು, ಸ್ವಂತ ಭಾರದಿಂದ ನಿಂತದ್ದು.

ಇನ್ನು, ಈಗಾಗಲೇ ಬಿರುಕು ಬಿಟ್ಟ ಮನೆಯ ಮಾತು. ಮೇಲೆ ಸಿಮೆಂಟು ಮೆತ್ತುವುದರಿಂದ ಪ್ರಯೋಜನವಿಲ್ಲ. ಕಂಬಿಯ ಹಿಂಬದಿಯವರೆಗೂ ಕೆಟ್ಟ ಕಾಂಕ್ರೀಟನ್ನು ಕೆತ್ತಿ, ತುಕ್ಕನ್ನು ಉಜ್ಜಿ ತೆಗೆದು, ಹೊಸದನ್ನು ತುಂಬಬೇಕು. ಉಪ್ಪು ಸೇರಿದ ಕಟ್ಟಡದಲ್ಲಿ ಅಷ್ಟರಿಂದಲೂ ಸಾಲದೆ ಹೋಗಬಹುದು. ತುಕ್ಕು ಒಂದು ವಿದ್ಯುತ್ಕ್ರಿಯೆ. ತೇಪೆಯೊಳಗಣ ಕಂಬಿ ನೆಮ್ಮದಿಯಾದೊಡನೆ, ಅದರ ನೆರೆಯ ಹಳೆಯ ಭಾಗ ಬೇಗ ಸವೆಯುತ್ತದೆ.

ರೋಗ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ತಿಳಿಯಲು ಕಾಲೇಜಿನ ಪ್ರಯೋಗಶಾಲೆಯ ಫಿನಾಲ್ಫ್ತಲೀನ್ ದ್ರಾವಣ ಸಾಕು. ಆಗತಾನೆ ಒಡೆದು, ಧೂಳು ಕೊಡವಿದ ಮುಖಕ್ಕೆ ಅದನ್ನು ಸಿಂಪಡಿಸಿದರೆ, ಕ್ಷಾರ ಉಳಿದ ಭಾಗ ಕಡುಗುಲಾಬಿಯಾಗುತ್ತದೆ. ಸತ್ತ ಅಂಚಿಗೆ ಬಣ್ಣವೇರದು. ಆ ಅಂಚನ್ನು ಅಡ್ಡಪಟ್ಟಿಯಿಂದ ಅಳೆದು, ಕಂಬಿಗೆ ಇನ್ನೆಷ್ಟು ದೂರವಿದೆಯೆಂದು ನೋಡಬಹುದು. ಉಪ್ಪಿನ ಹಾವಳಿಯನ್ನು ಮಾತ್ರ ಈ ಪರೀಕ್ಷೆ ತೋರಿಸಲಾರದು. ಅದಕ್ಕೆ ಕಂಬಿಯ ಮಟ್ಟದಿಂದ ಕೊರೆದ ಪುಡಿಯನ್ನು ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು.