ಖರ್ಚಿನ ಲೆಕ್ಕ, ಗಳಿಕೆಯ ಲೆಕ್ಕ



2025ರ ಜುಲೈನಲ್ಲಿ ಪತ್ರಿಕೆಗಳ ಮುಖಪುಟದಲ್ಲಿ, ಟಿವಿಯಲ್ಲಿ ಒಂದು ಸುದ್ದಿ ರಾರಾಜಿಸಿತು: ಜಗತ್ತಿನಲ್ಲಿ ಹೆಚ್ಚು ಸಮಾನತೆ ಇರುವ ದೇಶಗಳ ಸಾಲಿನಲ್ಲಿ ಭಾರತಕ್ಕೆ ನಾಲ್ಕನೇ ಸ್ಥಾನ. ಅದಕ್ಕೂ ಮೊದಲು, 2024ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟಿ ಮತ್ತು ಸಂಗಡಿಗರು ಬೇರೆಯದನ್ನೇ ಹೇಳಿದ್ದರು. ದೇಶದ ಒಟ್ಟು ವರಮಾನದಲ್ಲಿ ಶೇ 22.6, ಒಟ್ಟು ಸಂಪತ್ತಿನಲ್ಲಿ ಶೇ 40.1 ಪಾಲು ಮೇಲ್ತುದಿಯ ಶೇ 1ರಷ್ಟು ಜನರದ್ದು ಎಂದು. ಎರಡೂ 2022-23ರ ಲೆಕ್ಕವೇ.

ಹಾಗಾದರೆ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ. ಅಳೆದ ವಸ್ತುವೇ ಬೇರೆ.

ಅಸಮಾನತೆಯನ್ನು ಗಿನಿ ಸೂಚ್ಯಂಕದಲ್ಲಿ ಅಳೆಯುತ್ತಾರೆ. ಎಲ್ಲರದೂ ಸಮಪಾಲಾದರೆ ಸೊನ್ನೆ, ಎಲ್ಲವೂ ಒಬ್ಬನದೇ ಆದರೆ 100. ನಾಲ್ಕನೇ ಸ್ಥಾನಕ್ಕೆ ಆಧಾರ ವಿಶ್ವಬ್ಯಾಂಕ್ ಭಾರತಕ್ಕೆ ಕೊಟ್ಟ ಅಂಕ, 25.5. ಇದು ಮನೆಖರ್ಚಿನ ಸಮೀಕ್ಷೆಯಿಂದ ಬಂದದ್ದು. ಗಣತಿದಾರರು ಮನೆಬಾಗಿಲಿಗೆ ಬಂದು, ಕಳೆದ 7 ದಿನಗಳಲ್ಲಿ ಎಣ್ಣೆ, ತರಕಾರಿ, ಮೊಟ್ಟೆಗೆ ಎಷ್ಟಾಯಿತು, 30 ದಿನಗಳಲ್ಲಿ ಅಕ್ಕಿ, ಬೇಳೆಗೆ ಎಷ್ಟು, ವರ್ಷದಲ್ಲಿ ಬಟ್ಟೆ, ಚಪ್ಪಲಿಗೆ ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಕೋಟ್ಯಧಿಪತಿಯಾದರೂ ಉಣ್ಣುವುದು ಒಂದೇ ಹೊಟ್ಟೆಗೆ ತಾನೆ!

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಾರೆ ಕೆಲಸದವರೊಬ್ಬರಿಗೆ ತಿಂಗಳಿಗೆ 15,000 ರೂಪಾಯಿ ಬರುತ್ತದೆ, ಅಷ್ಟೂ ಖರ್ಚಾಗುತ್ತದೆ. ಅವರು ಕಟ್ಟುತ್ತಿರುವ ಮನೆಯ ಮಾಲೀಕರಿಗೆ 5 ಲಕ್ಷ ಬರುತ್ತದೆ, ಖರ್ಚು ಒಂದೂವರೆ ಲಕ್ಷ. ಖರ್ಚು ನೋಡಿದರೆ ಅಂತರ ಹತ್ತು ಪಟ್ಟು, ಗಳಿಕೆ ನೋಡಿದರೆ ಮೂವತ್ತಮೂರು ಪಟ್ಟು. ಮಾಲೀಕರ ಕೈಯಲ್ಲಿ ಉಳಿದ ಮೂರೂವರೆ ಲಕ್ಷ ಸೈಟಾಗಿ, ಷೇರಾಗಿ, ಚಿನ್ನವಾಗಿ ಬೆಳೆಯುತ್ತದೆ. ಗಾರೆಯವರ ಹತ್ತಿರ ಬೆಳೆಯಲು ಏನೂ ಉಳಿದಿಲ್ಲ. ಆಸ್ತಿಯ ಲೆಕ್ಕ ಹಾಕಹೊರಟರೆ ಎಷ್ಟು ಪಟ್ಟು ಎನ್ನಬೇಕು?

ಭಾರತಕ್ಕೆ ನಾಲ್ಕನೇ ಸ್ಥಾನ ಕೊಟ್ಟ ಸಾಲಿನಲ್ಲೇ ಅಮೆರಿಕದ ಅಂಕ 41.8 ಎಂದು ತೋರಿಸಿದ್ದರು. ಅದು ವರಮಾನದ ಅಂಕ. ನಮ್ಮ ಖರ್ಚನ್ನು ಅವರ ವರಮಾನದ ಪಕ್ಕದಲ್ಲಿಟ್ಟು ರ‍್ಯಾಂಕ್ ಕೊಟ್ಟದ್ದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ವಿಶ್ವಬ್ಯಾಂಕ್ ತನ್ನ ಟಿಪ್ಪಣಿಯಲ್ಲೇ ಎಚ್ಚರಿಸಿತ್ತು: ಮಾಹಿತಿಯ ಮಿತಿಗಳಿಂದಾಗಿ ಅಸಮಾನತೆ ಇರುವುದಕ್ಕಿಂತ ಕಡಿಮೆ ಕಾಣುತ್ತಿರಬಹುದು, ಇನ್ನೊಂದು ಅಂಕಿಅಂಶ ಕೋಶದ ಪ್ರಕಾರ ಭಾರತದ ವರಮಾನದ ಗಿನಿ 2004ರಲ್ಲಿ 52 ಇದ್ದದ್ದು 2023ಕ್ಕೆ 62ಕ್ಕೆ ಏರಿದೆ. ತಲೆಬರಹದಲ್ಲಿ ಆ ಮಾತಿಗೆ ಜಾಗ ಸಿಗಲಿಲ್ಲ.

ಅಸಮಾನತೆ ಇಳಿಯಿತೆಂದೋ ಏರಿತೆಂದೋ ಇನ್ನೊಮ್ಮೆ ಸುದ್ದಿ ಬಂದಾಗ, ಅಳೆದದ್ದು ಖರ್ಚನ್ನೋ, ವರಮಾನವನ್ನೋ, ಆಸ್ತಿಯನ್ನೋ ಎಂದು ಅದರಲ್ಲಿ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಸಂಪಾದಕರಿಗೆ ಒಂದು ಕಾರ್ಡು ಹಾಕಿ ಕೇಳಿ.