ದ್ವಿದಳ ಧಾನ್ಯಗಳ ಬೇಸಾಯ: ಬೀಜದ ವೆಚ್ಚ ಮತ್ತು ಹವಾಮಾನದ ಅನಿಶ್ಚಿತತೆ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಬೇಳೆಯ ಬೆಲೆ ಏರಿದಾಗ ಮುಂಬಯಿ, ಪುಣೆ, ದೆಹಲಿಯಂತಹ ನಗರಗಳಲ್ಲಿ ಅದು ಮನೆಮನೆಯ ಮಾತಾಗುತ್ತದೆ. ಆದರೆ ಆ ಬೇಳೆಯನ್ನು ಬೆಳೆದವನು ಬಿತ್ತನೆಯ ದಿನ ಕೈಗೊಂಡ ಸಾಹಸವು ಚರ್ಚೆಗೆ ಬರುವುದು ಅಪರೂಪ. ದ್ವಿದಳ ಧಾನ್ಯಗಳನ್ನು ಜಗತ್ತಿನಲ್ಲಿಯೇ ಅತಿ ಹೆಚ್ಚು ಬೆಳೆಯುವ ಹಾಗೂ ಬಳಸುವ ರಾಷ್ಟ್ರ ಭಾರತ. ಆದರೂ ಕೊರತೆಯನ್ನು ನೀಗಲು ಆಮದು ಅನಿವಾರ್ಯವಾಗಿದೆ. ಇದರ ಕಾರಣಗಳಲ್ಲೊಂದನ್ನು ಅರಿಯಲು, 2019ರಲ್ಲಿ ತನ್ನ ತೊಗರಿ ಬೇಳೆಗೆ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿಯ ಕಪ್ಪು ಮಣ್ಣಿನ ಹೊಲಗಳತ್ತ ನೋಡಬೇಕು.

ಸರ್ಕಾರಿ ಕಡತಗಳಲ್ಲಿ ಬೀಜವನ್ನು ‘ಕೃಷಿ ಪರಿಕರ’ಗಳ ಸಾಲಿಗೆ ಸೇರಿಸುವುದು ವಾಡಿಕೆ. ಅನುವಾದಕ್ಕೆ ಆ ಪದ ಸಾಕು, ರೈತನಿಗೆ ಸಾಲದು. ಮಳೆಯ ಲಕ್ಷಣ ನೋಡಿ ಔಷಧಿಯ ಖರ್ಚನ್ನು ಮುಂದೂಡಬಹುದು. ಬೀಜವನ್ನಾದರೋ ಮಳೆಯ ಭರವಸೆಯೊಂದರ ಮೇಲೆಯೇ ಮೊದಲು ಮಣ್ಣಿಗೆ ಒಪ್ಪಿಸಬೇಕು.

ಲೆಕ್ಕವನ್ನು ಗಮನಿಸೋಣ. ಎಕರೆಗೆ ತೊಗರಿ ಬೀಜ ಸುಮಾರು 5 ಕಿಲೋ ಬೇಕು. ಕಿಲೋಗೆ 150 ರೂಪಾಯಿ ಎಂದು ಭಾವಿಸಿದರೆ ವೆಚ್ಚ 750 ರೂಪಾಯಿ. 2025-26ರ ಸಾಲಿಗೆ ತೊಗರಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ ಹತ್ತು ಕಿಲೋ ತೊಗರಿ ಮಾರಿದರೆ ಬೀಜದ ಹಣ ಮರಳಿತು. ಕಡಲೆಯ ಸಂಗತಿ ಬೇರೆ. ಎಕರೆಗೆ 20ರಿಂದ 25 ಕಿಲೋ ಬೀಜ ಬೇಕಾಗುವುದರಿಂದ ಅಲ್ಲಿ ಬೀಜವೇ ದೊಡ್ಡ ಖರ್ಚು.

ಹಾಗಾದರೆ ತೊಗರಿಯಲ್ಲಿ ಬೀಜದ ಚಿಂತೆ ಅಲ್ಪವೆನ್ನಬಹುದೇ? ಇಲ್ಲ. ಮೃಗಶಿರಾ ಮಳೆಗೆ ಬಿತ್ತಿದ ಮೇಲೆ ಮೂರು ವಾರ ಮಳೆ ಕೈಕೊಟ್ಟರೆ ಮೊಳಕೆ ಒಣಗಿ, ಮರುಬಿತ್ತನೆ ಮಾಡಬೇಕಾಗುತ್ತದೆ. ಆಗ ಬೀಜದ ಬೆಲೆಯೊಂದಿಗೆ ಕೂರಿಗೆಯ ಬಾಡಿಗೆ, ಕೂಲಿಗಳೂ ಇಮ್ಮಡಿಯಾಗುತ್ತವೆ. ಅದಕ್ಕಿಂತ ದೊಡ್ಡ ನಷ್ಟ ಕಳೆದುಹೋದ ದಿನಗಳದು. ಹಗಲು ಕಿರಿದಾಗುತ್ತ ಬಂದಂತೆ ತೊಗರಿ ಹೂಬಿಡುತ್ತದೆ. ತಡವಾಗಿ ಬಿತ್ತಿದ ಗಿಡಕ್ಕೆ ಬೆಳೆಯಲು ಅವಧಿ ಸಾಲದು; ಕೊಂಬೆಗಳು ಕಡಿಮೆ, ಕಾಯಿಗಳೂ ಕಡಿಮೆ. ಹಿಂಗಾರಿನ ಕಡಲೆಯಾದರೋ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿರುವುದರಿಂದ, ಹದ ತಪ್ಪಿದರೆ ಎರಡನೆಯ ಅವಕಾಶವೇ ದುರ್ಲಭ.

ಮಳೆ ಹೆಚ್ಚಾದರೂ ಹಾನಿಯೇ. ಹೊಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹೂಬಿಡುವ ಕಾಲದಲ್ಲಿ ಮೋಡ ಕವಿದರೆ ಹೂ ಉದುರುತ್ತದೆ, ಕಾಯಿಕೊರಕ ಹುಳು ಹೆಚ್ಚುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಭಾಗದ ತೊಗರಿಯನ್ನು ನೆಟೆ ರೋಗ ವ್ಯಾಪಕವಾಗಿ ಬಾಧಿಸಿತು.

ಇವುಗಳಲ್ಲಿ ಕೆಲವು ರೈತನ ಹತೋಟಿಯಲ್ಲಿವೆ. ಕಡಲೆ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಮನೆಯ ಬೀಜವನ್ನೇ ಕೆಲವು ವರ್ಷ ಬಳಸಬಹುದು. ತೊಗರಿಯಲ್ಲಿ ಜೇನುನೊಣಗಳಿಂದ ತಳಿಗಳು ಬೆರೆಯುವುದರಿಂದ ನೆಟೆ ನಿರೋಧಕ ತಳಿಯ ಪ್ರಮಾಣಿತ ಬೀಜವನ್ನು ಆಗಾಗ ಹೊಸದಾಗಿ ಕೊಳ್ಳುವುದು ಲೇಸು. ಬಿತ್ತುವ ಮುನ್ನ ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ತೊಗರಿಯಲ್ಲಿ ಶೇಕಡ 75, ಕಡಲೆಯಲ್ಲಿ ಶೇಕಡ 85. ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು ಅಥವಾ ಸಜ್ಜೆ ಬಿತ್ತುವ ಹಿರಿಯರ ಪದ್ಧತಿಯೂ ಒಂದು ಬಗೆಯ ವಿಮೆಯೇ.

ಉಳಿದ ಅಪಾಯಕ್ಕೆ 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಿದೆ. ದ್ವಿದಳ ಧಾನ್ಯಗಳಿಗೆ ರೈತನ ಪಾಲಿನ ಕಂತು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇಕಡ 2, ಹಿಂಗಾರಿಗೆ ಶೇಕಡ 1.5. ಆದರೆ ಇಳುವರಿಯ ನಷ್ಟವನ್ನು ಅಳೆಯುವುದು ಇಡೀ ವಿಮಾ ಘಟಕಕ್ಕೆ, ಒಂದೊಂದು ಹೊಲಕ್ಕಲ್ಲ. ಒಬ್ಬ ರೈತನ ಮರುಬಿತ್ತನೆಯ ಖರ್ಚು ಇದರಲ್ಲಿ ಮರಳಿ ಬಾರದು. ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಪತ್ತಾದರೆ 72 ಗಂಟೆಗಳೊಳಗೆ ತಿಳಿಸಬೇಕು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ದ್ವಿದಳ ಧಾನ್ಯಗಳ ಸ್ವಾವಲಂಬನೆಗಾಗಿ 11,440 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದೆ. ಅದರಲ್ಲಿ 88 ಲಕ್ಷ ಬೀಜದ ಕಿಟ್‌ಗಳ ಉಚಿತ ವಿತರಣೆಯೂ ಸೇರಿದೆ.

ಕೊನೆಯದಾಗಿ ಒಂದು ಮಾತು. ಇಲ್ಲಿ ನೆರೆದವರಲ್ಲಿ ಊರಿನ ಹೊಲವನ್ನು ಪಾಲಿಗೋ ಲಾವಣಿಗೋ ಕೊಟ್ಟು ಬಂದವರಿರಬಹುದು. ಪಹಣಿಯಲ್ಲಿ ಹೆಸರು ನಿಮ್ಮದು; ಬೀಜ ಕೊಂಡು ಮುಗಿಲು ನೋಡುವವನು ಬೇರೊಬ್ಬ. ಗೇಣಿದಾರರಿಗೂ ಪಾಲುಗಾರರಿಗೂ ವಿಮೆ ಪಡೆಯಲು ಅವಕಾಶವಿದೆ. ಆದರೆ ಅದಕ್ಕೆ ಕರಾರಿನ ದಾಖಲೆ ಬೇಕು. ಆ ಕಾಗದಕ್ಕೆ ನೀವು ಸಹಿ ಹಾಕದಿದ್ದರೆ ನಷ್ಟವೆಲ್ಲ ಅವನದೇ ಆಗುತ್ತದೆ. ರಾಶಿಯಲ್ಲಿ ಪಾಲು ಪಡೆಯುವವರು ಮರುಬಿತ್ತನೆಯ ಬೀಜದಲ್ಲಿಯೂ ಪಾಲು ಕೊಡುವುದು ನ್ಯಾಯ. ಮುಂದಿನ ಮುಂಗಾರಿಗೆ ಮುನ್ನ ಊರಿಗೆ ಹೋದಾಗ ಈ ಎರಡು ವಿಷಯಗಳನ್ನು ಇತ್ಯರ್ಥಪಡಿಸಬೇಕೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.